ಮಾಹಿತಿ ಭದ್ರತಾ ನಿರ್ವಹಣೆಯಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿ: ದುಡ್ಡು ಕಟ್ಟುವ ಮುನ್ನ ಇಷ್ಟು ನೋಡಿ

ರಾತ್ರಿ ಎರಡು ಗಂಟೆ. ಒಂದು ಬ್ಯಾಂಕಿನ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ ಅಂತ ಗೊತ್ತಾಗುತ್ತದೆ. ತಕ್ಷಣ ಇಬ್ಬರಿಗೆ ಫೋನ್ ಹೋಗುತ್ತದೆ. ಒಬ್ಬರು ಲಾಗ್ ತೆರೆದು ಎಲ್ಲಿಂದ ನುಗ್ಗಿದರು, ಯಾವ ಮೆಷಿನ್‌ವರೆಗೆ ಹೋದರು ಎಂದು ಹುಡುಕಲು ಕೂರುತ್ತಾರೆ. ಇನ್ನೊಬ್ಬರ ಮುಂದಿರುವ ಪ್ರಶ್ನೆಗಳೇ ಬೇರೆ. ಸೇವೆ ನಿಲ್ಲಿಸಬೇಕಾ, ನಡೆಯಲಿ ಅನ್ನಬೇಕಾ? ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು, ಆ ಗಡಿಯಾರ ಯಾವಾಗ ಶುರುವಾಯಿತು? ವೆಂಡರ್ ಜೊತೆಗಿನ ಕರಾರಿನಲ್ಲಿ ಹೊಣೆ ಯಾರದ್ದು ಅಂತ ಬರೆದಿದೆ? ಬೆಳಿಗ್ಗೆ ಆಡಳಿತ ಮಂಡಳಿಗೆ ಏನು ಹೇಳುವುದು, ಗ್ರಾಹಕರಿಗೆ ಏನು ಹೇಳುವುದು? ಈ ಎರಡನೆಯವರ ಕೆಲಸವೇ ಮಾಹಿತಿ ಭದ್ರತಾ ನಿರ್ವಹಣೆ.

ನಾಲ್ಕಾರು ವರ್ಷ ನೆಟ್‌ವರ್ಕ್, ಸಪೋರ್ಟ್, ಟೆಸ್ಟಿಂಗ್ ಅಂತ ದುಡಿದ ಎಷ್ಟೋ ಜನರಿಗೆ ಈಗ ಈ ಎರಡನೇ ಕುರ್ಚಿಯ ಮೇಲೆ ಕಣ್ಣಿದೆ. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಸ್ಥಿತಿ ಇರುವುದಿಲ್ಲ. ಮನೆ ಸಾಲ, ಮಕ್ಕಳ ಸ್ಕೂಲು, ವಯಸ್ಸಾದ ಅಪ್ಪ ಅಮ್ಮ. ಹಾಗಾಗಿ ಆನ್‌ಲೈನ್ ಪದವಿ ಹುಡುಕುತ್ತಾರೆ. ಒಂದು ಸಲ ಹುಡುಕಿದರೆ ಸಾಕು, ಮೊಬೈಲ್ ತುಂಬಾ ಅದೇ ಜಾಹೀರಾತು, ಅರ್ಧ ಗಂಟೆಯಲ್ಲಿ ಫೋನ್ ಕರೆ. ಆ ಕರೆಗೆ ಉತ್ತರ ಕೊಡುವ ಮುನ್ನ ನೀವೇ ಕೂತು ಮಾಡಬೇಕಾದ ಕೆಲಸ ಸಾಕಷ್ಟಿದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ. ಕ್ರಮ ಮುಖ್ಯ. ಹೆಚ್ಚಿನವರು ಫೀಸಿನಿಂದ ಶುರು ಮಾಡುತ್ತಾರೆ. ಫೀಸು ಕೊನೆಗೆ ಬರಬೇಕು.

ಮೊದಲು ಕೆಲಸ ಯಾವುದು ಅಂತ ಗೊತ್ತಾಗಲಿ

ಕೋರ್ಸಿನ ಪುಟ ತೆರೆಯುವ ಮುನ್ನ ಕೆಲಸದ ಜಾಹೀರಾತುಗಳನ್ನು ತೆರೆಯಿರಿ. ಮೂರು ವರ್ಷದ ನಂತರ ನಿಮಗೆ ಎಂಥ ಕೆಲಸ ಬೇಕೋ ಅಂಥ ಹದಿನೈದಿಪ್ಪತ್ತು ಜಾಹೀರಾತು ಓದಿ. ಮತ್ತೆ ಮತ್ತೆ ಬರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ರಿಸ್ಕ್ ಅಸೆಸ್‌ಮೆಂಟ್, ಐಎಸ್‌ಒ 27001, ಆಡಿಟ್, ಪಾಲಿಸಿ, ವೆಂಡರ್ ರಿಸ್ಕ್, ಬಿಸಿನೆಸ್ ಕಂಟಿನ್ಯುಟಿ, ಇವು ಜಾಸ್ತಿ ಕಂಡರೆ ನಿಮ್ಮ ದಾರಿ ನಿರ್ವಹಣೆಯದ್ದು. ಕಂಪನಿಗಳಲ್ಲಿ ಈ ವಿಭಾಗವನ್ನು ಜಿಆರ್‌ಸಿ (ಆಡಳಿತ, ಅಪಾಯ, ನಿಯಮಪಾಲನೆ) ಎನ್ನುತ್ತಾರೆ. ಪೆನ್ ಟೆಸ್ಟಿಂಗ್, ಮಾಲ್‌ವೇರ್ ಅನಾಲಿಸಿಸ್, ರಿವರ್ಸ್ ಎಂಜಿನಿಯರಿಂಗ್ ಅಂತ ಕಂಡರೆ, ಅದನ್ನೇ ಓದುವಾಗ ನಿಮಗೆ ಖುಷಿಯಾದರೆ, ನಿರ್ವಹಣೆಯ ಪದವಿ ನಿಮಗೆ ಬೇಡ. ತಾಂತ್ರಿಕ ಪದವಿಯನ್ನೇ ನೋಡಿ.

ಈಗ ತಾನೇ ಬಿಸಿಎ ಅಥವಾ ಬಿಇ ಮುಗಿಸಿದವರಿಗೆ ನೇರವಾಗಿ ಒಂದು ಮಾತು ಹೇಳಬೇಕು. ಒಂದು ದಿನವೂ ಫೈರ್‌ವಾಲ್ ಮುಟ್ಟದವರಿಗೆ, ಒಂದು ಆಡಿಟ್‌ನಲ್ಲೂ ಕೂರದವರಿಗೆ ಈ ಪದವಿಯಿಂದ ಸಿಗುವುದು ಕಡಿಮೆ. ಪಾಠದಲ್ಲಿ ಬರುವ ಪ್ರತಿ ವಿಷಯವೂ 'ನಿಮ್ಮ ಸಂಸ್ಥೆಯಲ್ಲಿ' ಅಂತಲೇ ಶುರುವಾಗುತ್ತದೆ. ಸಂಸ್ಥೆಯನ್ನೇ ಒಳಗಿಂದ ನೋಡದಿದ್ದರೆ ಬರೀ ಬಾಯಿಪಾಠ ಆಗುತ್ತದೆ. ಎರಡು ಮೂರು ವರ್ಷ ಕೈ ಕೆಸರು ಮಾಡಿಕೊಂಡು ಬನ್ನಿ, ಆಗ ಇದೇ ಪುಸ್ತಕ ಬೇರೆ ಥರ ಓದಿಸಿಕೊಳ್ಳುತ್ತದೆ.

ಮಾನ್ಯತೆ: ಇದರಲ್ಲಿ ರಾಜಿ ಬೇಡ

ಸೈಟು ಕೊಳ್ಳುವಾಗ ಪಹಣಿ, ಖಾತೆ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಲಕ್ಷಗಟ್ಟಲೆ ಫೀಸಿನ ಪದವಿಗೆ ಮಾತ್ರ ಬ್ರೋಷರ್ ನಂಬಿ ದುಡ್ಡು ಕಟ್ಟುತ್ತೇವೆ.

ಕನ್ನಡಿಗರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. 2015ರ ಜೂನ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರಿಂದಾಚೆಗೆ ಮಾನ್ಯತೆ ಇಲ್ಲ ಎಂದು ಪ್ರಕಟಿಸಿತು. ರಾಜ್ಯದ ಗಡಿ ದಾಟಿ, ಬೇರೆ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸ್ ನಡೆಸಿದ್ದು ಅದರ ಹಿಂದಿನ ದೊಡ್ಡ ತಕರಾರು. 2018ರಲ್ಲಿ ಮಾನ್ಯತೆ ಮರಳಿ ಸಿಕ್ಕಿತು, ವಿಶ್ವವಿದ್ಯಾಲಯ ಈಗ ನಡೆಯುತ್ತಿದೆ. ಆದರೆ ಮಧ್ಯದ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳು ಮಾರ್ಕ್ಸ್ ಕಾರ್ಡ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಅವರು ಓದಿದ್ದರು, ಪರೀಕ್ಷೆ ಬರೆದಿದ್ದರು. ತಪ್ಪು ಅವರದ್ದಾಗಿರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಹೀಗಾಗಬಹುದಾದರೆ, ನಾವು ಪ್ರತಿ ವರ್ಷದ ಪಟ್ಟಿಯನ್ನೂ ಕಣ್ಣಾರೆ ನೋಡಲೇಬೇಕು.

ನೋಡುವುದು ಹೇಗೆ? ಯುಜಿಸಿಯ ದೂರಶಿಕ್ಷಣ ಬ್ಯೂರೋಗೆ, ಅಂದರೆ ಡಿಇಬಿಗೆ, ತನ್ನದೇ ವೆಬ್‌ಸೈಟ್ ಇದೆ. ಅಲ್ಲಿ ಶೈಕ್ಷಣಿಕ ವರ್ಷ ಆರಿಸಿ, ವಿಶ್ವವಿದ್ಯಾಲಯದ ಹೆಸರು ಹುಡುಕಿ. ಹೆಸರು ಸಿಕ್ಕಿತು ಅಂತ ಅಲ್ಲೇ ನಿಲ್ಲಬೇಡಿ. ಆ ವಿಶ್ವವಿದ್ಯಾಲಯದ ಯಾವ ಯಾವ ಕೋರ್ಸ್‌ಗೆ ಅನುಮತಿ ಇದೆ ಅಂತ ಪಟ್ಟಿ ಇರುತ್ತದೆ. ನಿಮ್ಮ ಕೋರ್ಸಿನ ಹೆಸರು ಅಕ್ಷರ ಅಕ್ಷರ ಹಾಗೇ ಇರಬೇಕು. ನೀವು ಸೇರುವ ಸೆಷನ್ ಅದೇ ಆಗಿರಬೇಕು. 'ಆನ್‌ಲೈನ್' ಎಂದಿದೆಯೋ 'ದೂರಶಿಕ್ಷಣ' ಎಂದಿದೆಯೋ ಅದನ್ನೂ ನೋಡಿ, ಎರಡಕ್ಕೂ ನಿಯಮ ಬೇರೆ. ದೂರಶಿಕ್ಷಣಕ್ಕೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಗಡಿ ಇರುತ್ತದೆ, ಆನ್‌ಲೈನ್‌ಗೆ ಅಂಥ ಗಡಿ ಇಲ್ಲ. ಎಲ್ಲ ಸರಿ ಇದ್ದರೆ ಆ ಪುಟವನ್ನು ದಿನಾಂಕ ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಎಂಬಿಎ ಅಥವಾ ಎಂಸಿಎ ಆದರೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಟ್ಟ ಒಪ್ಪಿಗೆಯ ಪತ್ರವನ್ನೂ ಕೇಳಿ.

ಸೇರುವಾಗ ಈಗ ಡಿಇಬಿ ಐಡಿ ಬೇಕು. ಗಳಿಸಿದ ಕ್ರೆಡಿಟ್‌ಗಳ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಐಡಿ ಇಟ್ಟುಕೊಂಡು ವಿದ್ಯಾರ್ಥಿಯೇ ಅದನ್ನು ಮಾಡಿಕೊಳ್ಳಬೇಕು. 'ನಾವೇ ಮಾಡಿಕೊಡ್ತೀವಿ ಸರ್, ಒಟಿಪಿ ಹೇಳಿ' ಎಂದರೆ ಕೊಡಬೇಡಿ. ಭದ್ರತೆ ಓದಲು ಹೊರಟವರು ಒಟಿಪಿ ಕೊಟ್ಟು ಶುರು ಮಾಡಬಾರದು, ಅಲ್ವಾ?

ಇಲ್ಲಿ ಇನ್ನೂ ಮೂರು ಸಂಗತಿ ತಿಳಿದಿರಲಿ.

ಒಂದು, ಎಂಜಿನಿಯರಿಂಗ್ ಪದವಿಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಕೊಡಲು ಯುಜಿಸಿಯ 2020ರ ನಿಯಮಗಳು ಬಿಡುವುದಿಲ್ಲ. ಹಾಗಾಗಿ ಸಾಮಾನ್ಯ ವಿಶ್ವವಿದ್ಯಾಲಯವೊಂದು 'ಆನ್‌ಲೈನ್ ಎಂ.ಟೆಕ್' ಎಂದರೆ ಎರಡು ಸಲ ಯೋಚಿಸಿ. ಐಐಟಿಗಳ ಕಥೆ ಬೇರೆ. ಅವು ಸಂಸತ್ತಿನ ಪ್ರತ್ಯೇಕ ಕಾಯ್ದೆಯಡಿ ಬರುತ್ತವೆ, ಪದವಿ ಕೊಡುವ ಅಧಿಕಾರ ಅವಕ್ಕೇ ಇದೆ. ಐಐಟಿ ಕಾನ್ಪುರದ ಸೈಬರ್ ಸೆಕ್ಯುರಿಟಿ ಇಮಾಸ್ಟರ್ಸ್ ಈ ಬಗೆಯದ್ದು. ಗೇಟ್ ಪರೀಕ್ಷೆ ಬೇಡ, ಕೆಲಸದಲ್ಲಿ ಇರುವವರಿಗಾಗಿಯೇ ಮಾಡಿದ್ದು, ಒಂದರಿಂದ ಮೂರು ವರ್ಷದಲ್ಲಿ ಮುಗಿಸಬಹುದು. ಅದು ತಾಂತ್ರಿಕ ಕಡೆಗೆ ವಾಲಿದೆ ಅನ್ನುವುದು ನೆನಪಿರಲಿ.

ಎರಡು, 'ಎಕ್ಸಿಕ್ಯುಟಿವ್ ಪಿಜಿ ಪ್ರೋಗ್ರಾಂ', 'ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟ್' ಅಂತ ಬರುವವು ಪದವಿಗಳಲ್ಲ. ದೊಡ್ಡ ಸಂಸ್ಥೆಯ ಲಾಂಛನ ಮೇಲಿರುತ್ತದೆ, ಫೀಸೂ ಪದವಿಯಷ್ಟೇ ಇರುತ್ತದೆ. ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಇದೆ. ಕಲಿಯುವುದಕ್ಕೆ ಸರ್ಟಿಫಿಕೇಟ್ ಸಾಕು ಅನ್ನಿಸಿದರೆ ಧಾರಾಳವಾಗಿ ಸೇರಿ. ಮುಂದೆ ಪಿಎಚ್‌ಡಿ ಮಾಡುವ, ಪಾಠ ಹೇಳುವ ಅಥವಾ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಆಸೆ ಇದ್ದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಮೂರು, ಮಾನ್ಯತೆ ಇರುವ ಆನ್‌ಲೈನ್ ಪದವಿಯನ್ನು ಕೀಳಾಗಿ ನೋಡಬೇಕಿಲ್ಲ. ಅದು ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಎಚ್‌ಆರ್‌ನವರು ತಕರಾರು ತೆಗೆದರೆ ಆ ಪ್ರಕಟಣೆಯ ಪ್ರತಿ ತೋರಿಸಿ.

ಹೊರದೇಶದ ವಿಶ್ವವಿದ್ಯಾಲಯ ಅಂದರೆ

ಈ ವಿಷಯವನ್ನು ಬಹಳ ಮೊದಲೇ ಹಿಡಿದವರು ಅಲ್ಲಿನವರು. ಲಂಡನ್ ಬಳಿಯ ರಾಯಲ್ ಹಾಲೋವೇ 1992ರಲ್ಲೇ ಮಾಹಿತಿ ಭದ್ರತೆಯಲ್ಲಿ ಎಂ.ಎಸ್ಸಿ ಶುರು ಮಾಡಿತು. ಆಗ ನಮ್ಮಲ್ಲಿ ಇಂಟರ್ನೆಟ್ ಜನಸಾಮಾನ್ಯರಿಗೆ ಇನ್ನೂ ಬಂದಿರಲಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ 2019ರ ಜನವರಿಯಲ್ಲಿ ಆನ್‌ಲೈನ್ ಸೈಬರ್ ಸೆಕ್ಯುರಿಟಿ ಮಾಸ್ಟರ್ಸ್ ಆರಂಭಿಸಿದಾಗ ಇಡೀ ಪದವಿಗೆ 10,000 ಡಾಲರ್‌ಗಿಂತ ಕಡಿಮೆ ಎಂದು ಹೇಳಿತ್ತು. ಅಮೆರಿಕದ ಲೆಕ್ಕದಲ್ಲಿ ಇದು ತುಂಬಾ ಅಗ್ಗ. ಅದರಲ್ಲಿ ಮೂರು ದಾರಿ ಇವೆ, ಅವುಗಳಲ್ಲಿ ಒಂದು ಪಾಲಿಸಿಯದ್ದು. ನಿರ್ವಹಣೆಯ ಕಡೆ ಹೋಗುವವರು ನೋಡಬೇಕಾದದ್ದು ಅದನ್ನೇ. ಅಲ್ಲಿ ಸೇರುವುದು ಅಸಾಧ್ಯವೇನಲ್ಲ, ಮುಗಿಸುವುದು ಕಷ್ಟ.

ಅಮೆರಿಕದ ವಿಶ್ವವಿದ್ಯಾಲಯ ಆದರೆ, ಅದಕ್ಕೆ ಸಾಂಸ್ಥಿಕ ಮಾನ್ಯತೆ ಇದೆಯಾ ಅಂತ ಅಲ್ಲಿನ ಶಿಕ್ಷಣ ಇಲಾಖೆಯ ಡೇಟಾಬೇಸ್‌ನಲ್ಲಿ ಅಥವಾ ಚಿಯಾ ಎಂಬ ಮಂಡಳಿಯ ಪಟ್ಟಿಯಲ್ಲಿ ನೋಡಿ. ಕೇಳರಿಯದ ಹೆಸರಿನ 'ಮಾನ್ಯತಾ ಸಂಸ್ಥೆ'ಯೊಂದು ಒಪ್ಪಿದೆ ಎಂದು ಬರೆದುಕೊಂಡಿದ್ದರೆ ಹತ್ತಿರ ಹೋಗಬೇಡಿ. ಅದರ ಮೇಲೆ, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ ಕೆಲವು ವಿಶ್ವವಿದ್ಯಾಲಯಗಳನ್ನು ಸೈಬರ್ ಭದ್ರತೆಯ ಉತ್ಕೃಷ್ಟ ಕೇಂದ್ರ ಎಂದು ಗುರುತಿಸುತ್ತದೆ. ಬ್ರಿಟನ್‌ನಲ್ಲಿ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ಎನ್‌ಸಿಎಸ್‌ಸಿ ಕೆಲವು ಮಾಸ್ಟರ್ಸ್ ಪದವಿಗಳಿಗೆ ಮುದ್ರೆ ಒತ್ತುತ್ತದೆ. ಈ ಗುರುತು ಇದ್ದರೆ ಪಠ್ಯವನ್ನು ಹೊರಗಿನವರು ಒಮ್ಮೆ ಜರಡಿ ಹಿಡಿದಿದ್ದಾರೆ ಎಂದರ್ಥ.

ಇಂಡಿಯಾದಲ್ಲಿ ಕೂತು ಓದುವವರು ಒಂದು ಭ್ರಮೆ ಬಿಡಬೇಕು. ಪೂರ್ತಿ ಆನ್‌ಲೈನ್ ಪದವಿಯಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ, ಅದರ ಬೆನ್ನಿಗೆ ಬರುವ ಒಪಿಟಿಯೂ (ಓದಿನ ನಂತರ ಅಲ್ಲಿ ಕೆಲಸ ಮಾಡುವ ಅನುಮತಿ) ಇಲ್ಲ. ಅಮೆರಿಕಕ್ಕೆ ಹೋಗುವ ದಾರಿ ಎಂದುಕೊಂಡು ಇದಕ್ಕೆ ಸೇರಬೇಡಿ. ಈಗಾಗಲೇ ಅಲ್ಲಿರುವ ನಮ್ಮವರ ಲೆಕ್ಕ ಬೇರೆ. ಎಚ್-1ಬಿ (ಕೆಲಸದ ವೀಸಾ) ಅಥವಾ ಎಚ್-4ರಲ್ಲಿ (ಅಂಥವರ ಸಂಗಾತಿ, ಮಕ್ಕಳ ವೀಸಾ) ಇದ್ದುಕೊಂಡೇ ಓದಬಹುದು. ಕಂಪನಿ ಫೀಸು ಕೊಟ್ಟರೆ ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆ ಇಲ್ಲ, ಎಚ್‌ಆರ್‌ನಲ್ಲಿ ಕೇಳಿ. ಎಚ್-4ರಲ್ಲಿದ್ದು ಮುಂದೆ ತಮ್ಮದೇ ಎಚ್-1ಬಿಗೆ ಅರ್ಜಿ ಹಾಕುವ ಯೋಚನೆ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಅಮೆರಿಕದ ಮಾಸ್ಟರ್ಸ್ ಇದ್ದವರಿಗೆ ಮೀಸಲಾದ 20,000 ವೀಸಾಗಳ ಪಾಲಿಗೆ ಲಾಭಕ್ಕಾಗಿ ನಡೆಯುವ ವಿಶ್ವವಿದ್ಯಾಲಯದ ಪದವಿ ನಡೆಯುವುದಿಲ್ಲ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯೇ ಆಗಿರಬೇಕು.

ವಿದೇಶಿ ಆನ್‌ಲೈನ್ ಪದವಿ ಇಟ್ಟುಕೊಂಡು ಇಂಡಿಯಾದಲ್ಲಿ ಸರ್ಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಹೋಗುವ ಆಲೋಚನೆ ಇದ್ದರೆ, ಸಮಾನತೆಯ ವಿಷಯವನ್ನು ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಖಾಸಗಿ ಕಂಪನಿಯ ಕೆಲಸ ಮಾತ್ರ ಸಾಕು ಎನ್ನುವವರಿಗೆ ಇದು ಅಷ್ಟು ದೊಡ್ಡ ತೊಡಕಾಗದು. 2023ರ ಕೊನೆಯಲ್ಲಿ ಯುಜಿಸಿ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ: ಇಲ್ಲಿನ ಎಡ್‌ಟೆಕ್ ಕಂಪನಿಗಳು ಆಯೋಗದ ಒಪ್ಪಿಗೆ ಇಲ್ಲದೆ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡಿಸುವ ಪದವಿಗಳಿಗೆ ಮಾನ್ಯತೆ ಇಲ್ಲ.

ಸಿಲಬಸ್ ಓದುವುದು: ಇದಕ್ಕೆ ಒಂದು ಭಾನುವಾರ ಇಡಿ

ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರುವುದು ಇಲ್ಲಿ. ಪದವಿಯ ಹೆಸರಿನಲ್ಲಿ 'ನಿರ್ವಹಣೆ' ಎಂದಿದ್ದರೂ ಒಳಗೆ ಏನಿದೆ ಎಂಬುದು ಪೇಪರ್ ಪೇಪರ್ ಓದಿದಾಗ ಮಾತ್ರ ಗೊತ್ತಾಗುತ್ತದೆ. ಕೆಲವು ಕಡೆ ಹಳೆಯ ಎಂಬಿಎಗೆ ಕೊನೆಯ ಎರಡು ಸೆಮಿಸ್ಟರ್‌ನಲ್ಲಿ ಮೂರ್ನಾಲ್ಕು ಭದ್ರತೆಯ ಪೇಪರ್ ಅಂಟಿಸಿರುತ್ತಾರೆ. ಇನ್ನು ಕೆಲವು ಕಡೆ ಎಂಸಿಎಯ ಎಲ್ಲ ಪೇಪರ್ ಇದ್ದು 'ಸೈಬರ್ ಸೆಕ್ಯುರಿಟಿ' ಎಂಬುದು ಐಚ್ಛಿಕ ವಿಷಯವಾಗಿ ಕೂತಿರುತ್ತದೆ. ಎರಡೂ ಕೆಟ್ಟವೇನಲ್ಲ. ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅಂತ ನಿಮಗೆ ಗೊತ್ತಿರಬೇಕು ಅಷ್ಟೆ.

ವಿವರವಾದ ಸಿಲಬಸ್ ಕೇಳಿ. ಪೇಪರ್‌ಗಳ ಹೆಸರಿನ ಪಟ್ಟಿ ಸಾಲದು, ಯೂನಿಟ್‌ವಾರು ಬೇಕು. ಕೊಡುವುದಿಲ್ಲ ಎಂದರೆ ಅದೇ ಉತ್ತರ ಅಂದುಕೊಳ್ಳಿ. ಕೈಗೆ ಬಂದ ಮೇಲೆ, ಜಾಹೀರಾತಿನಿಂದ ಬರೆದುಕೊಂಡ ಹಾಳೆಯನ್ನು ಪಕ್ಕದಲ್ಲಿಟ್ಟು ಎಷ್ಟು ಪದ ಹೊಂದುತ್ತವೆ ನೋಡಿ.

ಸಿಲಬಸ್ ಹೊಸದೋ ಹಳೆಯದೋ ಅಂತ ಹಿಡಿಯಲು ಸುಲಭದ ಉಪಾಯ ಇದೆ. ಐಎಸ್‌ಒ 27001 ಎಂಬ ಮಾನದಂಡದ 2013ರ ಆವೃತ್ತಿಯಲ್ಲಿ 114 ನಿಯಂತ್ರಣಗಳು, ಅಂದರೆ ಭದ್ರತಾ ಕ್ರಮಗಳು, ಇದ್ದವು. 2022ರ ಆವೃತ್ತಿಯಲ್ಲಿ ಅವನ್ನು 93ಕ್ಕೆ ತಂದು ನಾಲ್ಕು ಗುಂಪು ಮಾಡಿದ್ದಾರೆ. ಸಿಲಬಸ್ ಇನ್ನೂ 114 ಎನ್ನುತ್ತಿದ್ದರೆ ಅದನ್ನು ಯಾರೂ ಮುಟ್ಟಿ ವರ್ಷಗಳಾಗಿವೆ. ಹಾಗೇ ಅಮೆರಿಕದ ನಿಸ್ಟ್ ಸಂಸ್ಥೆಯ ಸೈಬರ್ ಸೆಕ್ಯುರಿಟಿ ಫ್ರೇಮ್‌ವರ್ಕ್ 2024ರ ಫೆಬ್ರುವರಿಯಲ್ಲಿ ಎರಡನೇ ಆವೃತ್ತಿಗೆ ಬಂತು. ಮೊದಲು ಐದು ಕಾರ್ಯಗಳಿದ್ದವು, ಈಗ ಆರು. ಹೊಸದಾಗಿ ಸೇರಿದ್ದು 'ಗವರ್ನ್', ಅಂದರೆ ಆಡಳಿತ. ನಿರ್ವಹಣೆ ಕಲಿಸುವ ಪದವಿಯಲ್ಲಿ ಆ ಆರನೆಯದೇ ಇಲ್ಲದಿದ್ದರೆ ಹೇಗೆ?

ಇಲ್ಲಿ ಕೆಲಸ ಮಾಡುವವರಿಗೆ ಇಲ್ಲಿನ ಕಾನೂನು ಬೇಕು. 2000ದ ಐಟಿ ಕಾಯ್ದೆ ಎಲ್ಲ ಸಿಲಬಸ್‌ನಲ್ಲೂ ಇರುತ್ತದೆ, ಅದು ಸಾಲದು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇದೆಯಾ? ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಹೇಳಿದ್ದು ಅದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆಯಾ? ಅದರಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಬ್ಯಾಂಕಿಂಗ್ ಕಡೆ ಹೋಗುವವರಾದರೆ ರಿಸರ್ವ್ ಬ್ಯಾಂಕಿನ ಸೂಚನೆಗಳು, ಷೇರುಪೇಟೆಯ ಕಡೆಗಾದರೆ ಸೆಬಿ 2024ರಲ್ಲಿ ತಂದ ಸೈಬರ್ ಚೌಕಟ್ಟು. ವಿದೇಶಿ ಪದವಿಯಲ್ಲಿ ಇವು ಯಾವುವೂ ಇರುವುದಿಲ್ಲ, ಅದು ಅವರ ತಪ್ಪಲ್ಲ. ಅಂಥ ಪದವಿ ಆರಿಸಿದರೆ ಇದನ್ನು ನೀವೇ ಓದಿಕೊಳ್ಳಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ.

ಆಮೇಲೆ ಅಸೈನ್‌ಮೆಂಟ್. ಹಿಂದಿನ ಸೆಮಿಸ್ಟರ್‌ನ ಒಂದೆರಡು ಅಸೈನ್‌ಮೆಂಟ್ ತೋರಿಸಿ ಎಂದು ಕೇಳಿ. ಒಂದು ಕಾಲೇಜು 'ರಿಸ್ಕ್ ನಿರ್ವಹಣೆಯ ಹಂತಗಳನ್ನು ವಿವರಿಸಿ, 10 ಅಂಕ' ಎಂದು ಕೇಳುತ್ತದೆ. ಅದಕ್ಕೆ ಉತ್ತರ ಯಾವ ಎಐ ಬೇಕಾದರೂ ಬರೆದುಕೊಡುತ್ತದೆ. ಇನ್ನೊಂದು ಕಡೆ ಹೀಗೆ ಕೇಳುತ್ತಾರೆ ಅಂದುಕೊಳ್ಳಿ: ತಾಲ್ಲೂಕು ಮಟ್ಟದ ಒಂದು ಸಹಕಾರಿ ಬ್ಯಾಂಕ್, ಹನ್ನೆರಡು ಶಾಖೆ, ಕೋರ್ ಬ್ಯಾಂಕಿಂಗ್ ಪೂರ್ತಿ ಒಬ್ಬ ವೆಂಡರ್ ಕೈಯಲ್ಲಿ, ಐಟಿ ನೋಡಿಕೊಳ್ಳಲು ಇಬ್ಬರೇ. ಈ ವರ್ಷ ಭದ್ರತೆಗೆ ಇರುವ ದುಡ್ಡಿನಲ್ಲಿ ಮೂರು ಕೆಲಸ ಮಾತ್ರ ಸಾಧ್ಯ. ಯಾವ ಮೂರು, ಯಾಕೆ, ಉಳಿದ ಅಪಾಯಗಳನ್ನು ಒಪ್ಪಿಕೊಂಡೆವು ಎಂದು ಯಾರು ಸಹಿ ಹಾಕಬೇಕು? ಎರಡು ಪುಟದಲ್ಲಿ ಅಧ್ಯಕ್ಷರಿಗೆ ಅರ್ಥವಾಗುವಂತೆ ಬರೆಯಿರಿ. ಈ ಎರಡು ಪುಟ ಬರೆಯಲು ಬಂದರೆ ನೀವು ಆ ಕುರ್ಚಿಗೆ ತಯಾರಾಗುತ್ತಿದ್ದೀರಿ. ಅಧ್ಯಕ್ಷರು ಊರಿನ ಹಿರಿಯರು, ಅಡಿಕೆ ವ್ಯಾಪಾರಿ ಇರಬಹುದು, ಅವರಿಗೆ ಎನ್‌ಕ್ರಿಪ್ಶನ್ ಗೊತ್ತಿಲ್ಲ. ಅಪಾಯ ಅಂದರೆ ಏನು ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಹೇಳುವ ಭಾಷೆ ಕಲಿಸುವುದೇ ಈ ಪದವಿಯ ಕೆಲಸ.

ನಿಜವಾದ ಪ್ರಕರಣಗಳನ್ನು ಪಾಠದಲ್ಲಿ ತರುತ್ತಾರಾ ಅಂತಲೂ ನೋಡಿ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಕಳ್ಳರು ಎಟಿಎಂ ವಹಿವಾಟಿಗೆ ಒಪ್ಪಿಗೆ ಕೊಡುವ ಸ್ವಿಚ್‌ನ ವ್ಯವಸ್ಥೆಗೆ ನುಗ್ಗಿ, ನಕಲಿ ಕಾರ್ಡ್‌ಗಳಿಂದ 28 ದೇಶಗಳಲ್ಲಿ ದುಡ್ಡು ತೆಗೆದರು. ಬ್ಯಾಂಕುಗಳು ಹೊರದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಜಾಲದ ಮೂಲಕ ಹಾಂಗ್‌ಕಾಂಗ್‌ಗೂ ಕಳಿಸಿಕೊಂಡರು. ತಾಂತ್ರಿಕ ತರಗತಿಯಲ್ಲಿ ಇದು ಮಾಲ್‌ವೇರ್ ಪಾಠ. ನಿರ್ವಹಣೆಯ ತರಗತಿಯಲ್ಲಿ ಪ್ರಶ್ನೆ ಬೇರೆ: ವಾರಾಂತ್ಯದಲ್ಲಿ ಅಸಹಜ ವಹಿವಾಟು ಕಂಡರೆ ನಿಲ್ಲಿಸುವ ಅಧಿಕಾರ ಯಾರಿಗಿರಬೇಕು, ಅವರಿಗೆ ಸುದ್ದಿ ಮುಟ್ಟುವ ದಾರಿ ಯಾವುದು? ಊಬರ್‌ನ ಮಾಜಿ ಭದ್ರತಾ ಮುಖ್ಯಸ್ಥ ಜೋ ಸಲಿವನ್ ಪ್ರಕರಣ ಇನ್ನೊಂದು. 2016ರಲ್ಲಿ ನಡೆದ ಡೇಟಾ ಕಳವನ್ನು ಸರ್ಕಾರಿ ತನಿಖಾ ಸಂಸ್ಥೆಯಿಂದ ಮುಚ್ಚಿಟ್ಟರೆಂದು 2022ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಅವರ ಮೇಲಿನ ಆರೋಪ ಸಾಬೀತಾಯಿತು. ಈ ಕುರ್ಚಿಯಲ್ಲಿ ಕೂರುವವರಿಗೆ ಸ್ವಂತ ಹೊಣೆ ಎಷ್ಟು ಬರುತ್ತದೆ ಎಂಬುದನ್ನು ಚರ್ಚಿಸದ ಕೋರ್ಸ್ ಅರ್ಧ ಕೋರ್ಸ್.

ಪಾಠ ಹೇಳುವವರು, ಪರೀಕ್ಷೆ

ಇದನ್ನು ಬೇಗ ಮುಗಿಸಬಹುದು. ಅಧ್ಯಾಪಕರ ಹೆಸರು ಕೇಳಿ, ಅವರು ಎಲ್ಲಾದರೂ ಆಡಿಟ್ ಅಥವಾ ಭದ್ರತಾ ತಂಡ ನಡೆಸಿದ್ದಾರಾ ನೋಡಿ. ಲೈವ್ ತರಗತಿ ವಾರಕ್ಕೆ ಎಷ್ಟು, ರೆಕಾರ್ಡಿಂಗ್ ಯಾವ ವರ್ಷದ್ದು ಅಂತ ಕೇಳಿ. ಒಂದು ಮಾದರಿ ತರಗತಿಯಲ್ಲಿ ಕೂತು ಪ್ರಶ್ನೆ ಕೇಳಿ, ಉತ್ತರ ಬರುತ್ತಾ ಅಂತ ನೋಡಿ. ಯುಜಿಸಿ ನಿಯಮದಡಿ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ದೊಡ್ಡ ಪಾಲು ಅಂಕ ಇರುತ್ತದೆ, ಒಳ ಮೌಲ್ಯಮಾಪನಕ್ಕೆ ಶೇ 30ರವರೆಗೆ ಮಾತ್ರ. ಪರೀಕ್ಷೆ ನಿಗಾದಲ್ಲಿ ನಡೆಯಬೇಕು. 'ಮನೇಲೇ ಆರಾಮಾಗಿ ಪುಸ್ತಕ ನೋಡ್ಕೊಂಡು ಬರೀಬಹುದು' ಎಂದು ಯಾರಾದರೂ ಆಸೆ ತೋರಿಸಿದರೆ ಆ ಪದವಿಯ ಬೆಲೆ ನಿಮಗೇ ತಿಳಿಯುತ್ತದೆ.

ವಾರಕ್ಕೆ ಎಷ್ಟು ಗಂಟೆ?

ಒಂದು ಕ್ರೆಡಿಟ್ ಅಂದರೆ ಸುಮಾರು 30 ಗಂಟೆಯ ಓದು. ಎರಡು ವರ್ಷದ ಪದವಿಗೆ 80 ಕ್ರೆಡಿಟ್ ಅಂತ ಹಿಡಿದರೆ 2,400 ಗಂಟೆ. ಅದನ್ನು 104 ವಾರಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ ಬರುತ್ತದೆ. ಬ್ರೋಷರ್‌ನಲ್ಲಿ 'ವಾರಕ್ಕೆ 6 ಗಂಟೆ ಸಾಕು' ಎಂದಿರುತ್ತದೆ. ಪಾಸಾಗಲು ಸಾಕಾಗಬಹುದು, ಕಲಿಯಲು ಸಾಲದು. ನಿಮ್ಮ ವಾರವನ್ನು ಪ್ರಾಮಾಣಿಕವಾಗಿ ಬರೆದು ನೋಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹೋಗುವ ಹೊತ್ತನ್ನು ಓದಿನ ಹೊತ್ತು ಅಂತ ಲೆಕ್ಕ ಹಾಕಬೇಡಿ. ಮನೆಯವರ ಜೊತೆಗೂ ಮೊದಲೇ ಮಾತಾಡಿ. ಎರಡು ವರ್ಷ ಭಾನುವಾರಗಳು ಅವರ ಪಾಲಿನಿಂದಲೂ ಹೋಗುತ್ತವೆ.

ಅಮೆರಿಕದ ಕೋರ್ಸ್ ಆದರೆ ಗಡಿಯಾರ ನೋಡಿ. ಅಲ್ಲಿನ ಪೂರ್ವ ತೀರದಲ್ಲಿ ಸಂಜೆ 7ರ ತರಗತಿ ಅಂದರೆ ನಮಗೆ ಬೇಸಿಗೆಯಲ್ಲಿ ಬೆಳಗಿನ ಜಾವ 4.30, ಚಳಿಗಾಲದಲ್ಲಿ 5.30. ಲೈವ್ ಹಾಜರಾತಿ ಕಡ್ಡಾಯವಾ ಅಂತ ಕೇಳದೆ ಸೇರಬೇಡಿ.

ಪದವಿಯೋ, ಸಿಐಎಸ್‌ಎಂ ಥರದ ಪ್ರಮಾಣಪತ್ರವೋ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಭದ್ರತಾ ನಿರ್ವಹಣೆಯಲ್ಲಿ ಐಸಾಕಾ ಎಂಬ ವೃತ್ತಿಪರರ ಸಂಸ್ಥೆಯ ಸಿಐಎಸ್‌ಎಂ, ಅಂಥದ್ದೇ ಇನ್ನೊಂದು ಸಂಸ್ಥೆ ಐಎಸ್‌ಸಿ2ರ ಸಿಐಎಸ್‌ಎಸ್‌ಪಿ ಇವೆರಡಕ್ಕೂ ಮಾರುಕಟ್ಟೆಯಲ್ಲಿ ಬೆಲೆ ಇದೆ. ಎರಡಕ್ಕೂ ಐದು ವರ್ಷದ ಕೆಲಸದ ಅನುಭವ ಬೇಕು. ಪರೀಕ್ಷೆ ಮೊದಲೇ ಬರೆಯಬಹುದು, ಅನುಭವ ತೋರಿಸಿದ ಮೇಲೆ ಪ್ರಮಾಣಪತ್ರ ಕೈಗೆ ಬರುತ್ತದೆ. ಸಂಬಂಧಪಟ್ಟ ಪದವಿ ಇದ್ದರೆ ಸಿಐಎಸ್‌ಎಸ್‌ಪಿಯಲ್ಲಿ ಒಂದು ವರ್ಷದ ಅನುಭವಕ್ಕೆ ವಿನಾಯಿತಿ ಇದೆ. ಸಿಐಎಸ್‌ಎಂನಲ್ಲಿ ಮಾಹಿತಿ ಭದ್ರತೆಯ ಸ್ನಾತಕೋತ್ತರ ಪದವಿಗೆ ಎರಡು ವರ್ಷದವರೆಗೂ ವಿನಾಯಿತಿ ಕೊಡುತ್ತಾರೆ.

ಎಂಟು ಹತ್ತು ವರ್ಷ ಇದೇ ಕ್ಷೇತ್ರದಲ್ಲಿದ್ದು ಈಗಾಗಲೇ ಒಂದು ಸ್ನಾತಕೋತ್ತರ ಪದವಿ ಇರುವವರಿಗೆ ನಾನು ಮೊದಲು ಸಿಐಎಸ್‌ಎಂ ಮಾಡಿ ಎನ್ನುತ್ತೇನೆ. ಖರ್ಚು ಕಡಿಮೆ, ತಿಂಗಳುಗಳಲ್ಲಿ ಮುಗಿಯುತ್ತದೆ. ಬೇರೆ ಕ್ಷೇತ್ರದಿಂದ ಬರುವವರಿಗೆ, ಬಿ.ಕಾಂ ಮಾಡಿ ಆಡಿಟ್‌ನಲ್ಲಿ ಇರುವವರಿಗೆ, ಬಿ.ಎಸ್ಸಿಯಲ್ಲೇ ಓದು ನಿಂತು ಬಡ್ತಿಗೆ ತೊಡಕಾಗಿರುವವರಿಗೆ ಪದವಿ ನಿಜವಾಗಿ ಬಾಗಿಲು ತೆರೆಯುತ್ತದೆ. ಆಡಿಟ್ ಹಿನ್ನೆಲೆಯವರು ತಮ್ಮನ್ನು ತಾವು ಕಡಿಮೆ ಅಂದುಕೊಳ್ಳುವುದು ಬೇಡ. ಸಾಕ್ಷ್ಯ ಕೇಳುವ ಅಭ್ಯಾಸ ಅವರಿಗೆ ಮೊದಲೇ ಇದೆ, ನೆಟ್‌ವರ್ಕ್ ಆಮೇಲೆ ಕಲಿಯಬಹುದು.

ಪೂರ್ತಿ ಪದವಿ ಭಾರ ಅನ್ನಿಸಿದರೆ ಇಗ್ನೋದಲ್ಲಿ ಮಾಹಿತಿ ಭದ್ರತೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನಲ್ಲೂ ಐಟಿ ಮೂಲಸೌಕರ್ಯ ಮತ್ತು ಭದ್ರತೆಯ ಡಿಪ್ಲೊಮಾ ಇದೆ, ಅದು ಕೈಕೆಲಸ ಕಲಿಸುವ ಬಗೆಯದ್ದು. ಇಷ್ಟಕ್ಕೂ ಮೊದಲು ಸರ್ಕಾರದ ಆನ್‌ಲೈನ್ ಕಲಿಕಾ ತಾಣಗಳಾದ ಸ್ವಯಂ ಅಥವಾ ಎನ್‌ಪಿಟೆಲ್‌ನಲ್ಲಿ ಭದ್ರತೆಯ ಒಂದು ಕೋರ್ಸ್‌ಗೆ ಸೇರಿ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ. ಆ ಕೆಲವು ವಾರಗಳನ್ನೇ ಮುಗಿಸಲು ಆಗದಿದ್ದರೆ ಎರಡು ವರ್ಷಕ್ಕೆ ಸಹಿ ಹಾಕುವುದನ್ನು ಸ್ವಲ್ಪ ಮುಂದೂಡಿ.

ಈಗ ದುಡ್ಡಿನ ಮಾತು, ಆ ಫೋನ್ ಕರೆ

ಫೋನ್ ಮಾಡುವವರು ತಮ್ಮನ್ನು ಕೌನ್ಸೆಲರ್ ಎಂದುಕೊಳ್ಳುತ್ತಾರೆ. ಅವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ಬೈಯಬೇಡಿ, ಅವರದ್ದೂ ಹೊಟ್ಟೆಪಾಡು. ಆದರೆ ಮಾತು ಹೀಗೆ ಸಾಗುತ್ತದೆ: 'ಸರ್, ಸ್ಕಾಲರ್‌ಶಿಪ್ ಇವತ್ತು ಸಂಜೆವರೆಗೆ ಮಾತ್ರ. ಸುಮ್ನೆ ಐದು ಸಾವಿರ ಕಟ್ಟಿ ಸೀಟ್ ಬ್ಲಾಕ್ ಮಾಡಿ, ಆಮೇಲೆ ನೋಡೋಣ.' ಆಮೇಲೆ ಬರುವುದು 'ನೋ ಕಾಸ್ಟ್ ಇಎಂಐ'. ಅದು ನಿಮ್ಮ ಹೆಸರಿನಲ್ಲಿ ಒಂದು ಹಣಕಾಸು ಕಂಪನಿ ಕೊಡುವ ಸಾಲ. ನೀವು ಮಧ್ಯದಲ್ಲಿ ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರ್‌ಗೆ ಪೆಟ್ಟು. ಫೀಸನ್ನು ಸೆಮಿಸ್ಟರ್ ಸೆಮಿಸ್ಟರ್ ಆಗಿ, ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಟ್ಟಿ, ವಿಶ್ವವಿದ್ಯಾಲಯದ ಹೆಸರಿನ ರಸೀದಿ ತೆಗೆದುಕೊಳ್ಳಿ. ಪರೀಕ್ಷಾ ಶುಲ್ಕ, ಮರುಪರೀಕ್ಷೆ, ಘಟಿಕೋತ್ಸವ, ಟ್ರಾನ್ಸ್‌ಕ್ರಿಪ್ಟ್, ಇವನ್ನೆಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಇಮೇಲ್‌ನಲ್ಲಿ ಕೇಳಿ. ಡಾಲರ್‌ನಲ್ಲಿ ಕಟ್ಟುವವರು ಬ್ಯಾಂಕ್ ಶುಲ್ಕ, ವಿನಿಮಯ ದರ, ಟಿಸಿಎಸ್ (ಹಣ ಹೊರಗೆ ಕಳಿಸುವಾಗ ಬ್ಯಾಂಕ್ ಹಿಡಿಯುವ ತೆರಿಗೆ) ಸೇರಿಸಿಕೊಳ್ಳಿ. ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದರ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ.

'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಎಂದರೆ, ಹಿಂದಿನ ಬ್ಯಾಚ್‌ನ ಇಬ್ಬರ ಜೊತೆ ಮಾತಾಡಿಸಿ ಎನ್ನಿ. ಅವರು ಕೊಟ್ಟ ಹೆಸರುಗಳಷ್ಟೇ ಸಾಲದು, ಲಿಂಕ್ಡ್‌ಇನ್‌ನಲ್ಲಿ ಆ ಪದವಿ ಹಾಕಿಕೊಂಡವರನ್ನು ನೀವೇ ಹುಡುಕಿ ಒಂದು ಸಾಲು ಬರೆಯಿರಿ. ಮುಖ್ಯವಾಗಿ ಒಂದೇ ಪ್ರಶ್ನೆ ಕೇಳಿ: ಈ ಓದಿನಲ್ಲಿ ಬರೆದ ಯಾವ ಕೆಲಸವನ್ನು ಆಮೇಲೆ ಆಫೀಸಿನಲ್ಲಿ ಬಳಸಿದಿರಿ? ತಕ್ಷಣ ಒಂದು ಉದಾಹರಣೆ ಬಂದರೆ ಒಳ್ಳೆಯ ಗುರುತು.

ಪಟ್ಟಿ ಎರಡು ಮೂರಕ್ಕೆ ಇಳಿದ ಮೇಲೆ ಕೊನೆಯ ಕೆಲಸ. ಕಾಲ್ ಸೆಂಟರ್ ಬಿಟ್ಟು, ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿ ಕೊಟ್ಟಿರುವ ಕೋರ್ಸ್ ಸಂಯೋಜಕರಿಗೇ ಒಂದು ಇಮೇಲ್ ಕಳಿಸಿ. ನಾಲ್ಕು ಪ್ರಶ್ನೆ ಸಾಕು. ಸಿಲಬಸ್ ಕೊನೆಯದಾಗಿ ಪರಿಷ್ಕರಿಸಿದ್ದು ಯಾವಾಗ? ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟನ್ನು ನನ್ನ ಕಂಪನಿಯ ನಿಜವಾದ ಸಮಸ್ಯೆಯ ಮೇಲೆ ಮಾಡಬಹುದಾ, ಕಂಪನಿಯ ಗೌಪ್ಯ ವಿವರ ಹೊರಬೀಳದಂತೆ ಏನು ವ್ಯವಸ್ಥೆ ಇದೆ? ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಂಡರೆ ಏನಾಗುತ್ತದೆ, ಹೆಚ್ಚೆಂದರೆ ಎಷ್ಟು ವರ್ಷದಲ್ಲಿ ಮುಗಿಸಬೇಕು? ಮಧ್ಯದಲ್ಲಿ ಬಿಟ್ಟರೆ ಗಳಿಸಿದ ಕ್ರೆಡಿಟ್ ಉಳಿಯುತ್ತದಾ, ಫೀಸು ಎಷ್ಟು ವಾಪಸ್ ಬರುತ್ತದೆ? ಸೇರುವ ಮೊದಲು ಒಂದು ವಾರದಲ್ಲಿ ಉತ್ತರ ಕೊಡದವರು ಸೇರಿದ ಮೇಲೆ ಕೊಡುತ್ತಾರೆ ಅಂತ ನಂಬಬೇಡಿ, ಆ ಹೆಸರನ್ನು ಪಟ್ಟಿಯಿಂದ ತೆಗೆದುಬಿಡಿ. ಉತ್ತರ ಬಂದರೆ ಡಿಇಬಿಯ ಪಿಡಿಎಫ್ ಇಟ್ಟಿರುವ ಫೋಲ್ಡರ್‌ನಲ್ಲೇ ಅದನ್ನೂ ಇಡಿ, ಆಮೇಲೆ ಅರ್ಜಿ ತುಂಬಿ.